ಚೆಂಡನ್ನಲ್ಲ, ಕೋಣೆಯನ್ನು ತಣ್ಣಗಾಗಿಸಿದೆ: ಹಾರ್ಡ್‌ಬಾಲ್ ಸ್ಕ್ವಾಷ್‌ನಲ್ಲಿ ನನ್ನ ಅನುಭವ

ಫಿಲಡೆಲ್ಫಿಯಾದ ಹೊರವಲಯದಲ್ಲಿರುವ ನಮ್ಮ ಹಳೆಯ ಕ್ಲಬ್ಬಿನ ಹಿಂಬದಿಯ ಕಟ್ಟಡದಲ್ಲಿ ಅಕ್ಕಪಕ್ಕ ಎರಡು ಸ್ಕ್ವಾಷ್ ಕೋರ್ಟುಗಳಿವೆ. ಎರಡೂ 32 ಅಡಿ ಉದ್ದ, 18.5 ಅಡಿ ಅಗಲದ, ಗಟ್ಟಿ ರಬ್ಬರಿನ ಚೆಂಡಿನಲ್ಲಿ ಆಡುತ್ತಿದ್ದ ಅಮೆರಿಕದ ಹಾರ್ಡ್‌ಬಾಲ್ ಕಾಲದ ಅಳತೆಯವು. ನಾನು ಸದಸ್ಯನಾದಾಗ ಒಂದರಲ್ಲಿ ವ್ಯಾಯಾಮದ ಯಂತ್ರಗಳಿದ್ದವು, ಇನ್ನೊಂದರಲ್ಲಿ ಮುರಿದ ಕುರ್ಚಿಗಳೂ ಕ್ರಿಸ್ಮಸ್ ಅಲಂಕಾರದ ಪೆಟ್ಟಿಗೆಗಳೂ ತುಂಬಿದ್ದವು. ಕುರ್ಚಿ ತುಂಬಿದ ಕೋರ್ಟನ್ನು ಮತ್ತೆ ಆಟಕ್ಕೆ ತರುತ್ತೇನೆ, ಅದೂ ಅಗಲ ಹೆಚ್ಚಿಸದೆ, ಗಟ್ಟಿ ಚೆಂಡಿನಲ್ಲೇ ಆಡಿಸುತ್ತೇನೆ ಎಂದು ನಾನು ಹೇಳಿದಾಗ ಸಮಿತಿಯವರು ನಕ್ಕರು; ಇಲ್ಲಿನ ಕನ್ನಡದ ಗೆಳೆಯರಂತೂ ‘ಬೆಂಗಳೂರಿನಲ್ಲಿ ಕಲಿತದ್ದನ್ನು ನೆಟ್ಟಗೆ ಆಡುವುದು ಬಿಟ್ಟು ನಿನಗೇಕಪ್ಪ ಈ ಸತ್ತ ಆಟ’ ಎಂದರು. ಈಗ ಮೂರನೆಯ ಚಳಿಗಾಲ ನಡೆಯುತ್ತಿದೆ, ವಾರಕ್ಕೆ ಎರಡು ಸಂಜೆ ಹದಿನಾಲ್ಕು ಮಂದಿ ಸರದಿಯಲ್ಲಿ ಆಡುತ್ತಿದ್ದಾರೆ. ಆದ್ದರಿಂದ ಬರೆಯುವ ಧೈರ್ಯ ಮಾಡಿದ್ದೇನೆ.

ಕೋರ್ಟಿನ ಅಗಲ ಹೆಚ್ಚಿಸಬೇಕೆಂಬ ವಾದ ಸುಮ್ಮನೆ ಹುಟ್ಟಿದ್ದಲ್ಲ. 1990ರ ದಶಕದಲ್ಲಿ ಇಲ್ಲಿನ ಕಾಲೇಜುಗಳು ಉಳಿದ ಜಗತ್ತು ಆಡುವ ಮೆತ್ತನೆಯ ಚೆಂಡಿಗೆ ಹೊರಳಿಕೊಂಡ ಮೇಲೆ 21 ಅಡಿ ಅಗಲದ ಅಂತರರಾಷ್ಟ್ರೀಯ ಕೋರ್ಟೇ ಕೋರ್ಟು ಎಂದಾಯಿತು. ಸಾಲಾಗಿ ಮೂರು ಹಳೆಯ ಕೋರ್ಟುಗಳಿದ್ದ ಕಡೆ ನಡುಗೋಡೆಗಳನ್ನು ಕೆಡವಿ ಎರಡು ಹೊಸವನ್ನು ಮಾಡಿಕೊಳ್ಳಬಹುದು, ಲೆಕ್ಕ ಸರಿಹೋಗುತ್ತದೆ. ನಮ್ಮಲ್ಲಿ ಇದ್ದದ್ದು ಎರಡೇ. ಒಟ್ಟು 37 ಅಡಿಯಲ್ಲಿ ಒಂದು ಹೊಸ ಕೋರ್ಟು ಮತ್ತು ಯಾವುದಕ್ಕೂ ಬಾರದ ಒಂದು ಓಣಿ ಉಳಿಯುತ್ತಿತ್ತು. ಅದಕ್ಕೆ ಗುತ್ತಿಗೆದಾರನೊಬ್ಬ ಕೇಳಿದ್ದು ಸುಮಾರು 60 ಸಾವಿರ ಡಾಲರ್. ನಾನು 8 ಸಾವಿರದಲ್ಲಿ ಮುಗಿಸುತ್ತೇನೆ ಎಂದೆ. ಮುಗಿದದ್ದು 11 ಸಾವಿರದ ಆಸುಪಾಸಿನಲ್ಲಿ, ಅದರಲ್ಲಿ ಮೂರು ಸಾವಿರದಷ್ಟು ನನ್ನ ಕೈಯಿಂದಲೇ ಹೋಯಿತು. ಮನೆಯಲ್ಲಿ ಈ ಅಂಕಿ ಇಂದಿಗೂ ಪೂರ್ತಿಯಾಗಿ ತಿಳಿದಿಲ್ಲ.

ಮೊದಲ ನಷ್ಟ ಗೋಡೆಯಲ್ಲಾಯಿತು. ಗಾರೆಯ ಬಿರುಕುಗಳನ್ನು ಮುಚ್ಚಿದ ಮೇಲೆ ಬಣ್ಣದವನು ಹೊಳಪಿನ ಬಣ್ಣ ಬಳಿದುಬಿಟ್ಟ, ನಾನೂ ನೋಡಿ ಚೆನ್ನಾಗಿದೆ ಎಂದೆ. ಆಡಲು ನಿಂತಾಗ ಚೆಂಡು ಗೋಡೆಯನ್ನು ಹಿಡಿಯದೆ ಜಾರುತ್ತಿತ್ತು, ಸಂಜೆಯ ಹೊತ್ತಿಗೆ ಗೋಡೆ ಬೆವರುತ್ತಿತ್ತು. ಅದನ್ನು ಕೆರೆದು ಮತ್ತೆ ಬಳಿಸಲು 1,400 ಡಾಲರ್ ಹೋಯಿತು. ನೆಲಕ್ಕೆ ಯಾವ ಪುಣ್ಯಾತ್ಮನೋ ಹಿಂದೊಮ್ಮೆ ವಾರ್ನಿಷ್ ಹೊಡೆಸಿದ್ದ. ಮೇಪಲ್ ಹಲಗೆಯನ್ನು ಉಜ್ಜಿಸಿ ಬರಿಮರವನ್ನು ಹೊರತರಲು ಎರಡು ಸಾವಿರಕ್ಕೂ ಹೆಚ್ಚು ಬೇಕಾಯಿತು. ಮುಂದಿನ ಗೋಡೆಯ ಟಿನ್ ಅನ್ನು, ಅಂದರೆ ಚೆಂಡು ತಾಗಿದರೆ ಔಟಾಗುವ ಬುಡದ ತಗಡುಪಟ್ಟಿಯನ್ನು, ಯಾರೋ ಮೆತ್ತನೆಯ ಚೆಂಡಿಗೆಂದು 19 ಇಂಚಿಗೆ ಏರಿಸಿದ್ದರು. ಅದನ್ನು 17ಕ್ಕೆ ಇಳಿಸುವ ಕೆಲಸವನ್ನು ನಾನೇ ಒಂದು ಭಾನುವಾರ ಮಾಡಿದೆ. ಎರಡು ಇಂಚು ಏನು ಮಹಾ ಎನ್ನುವವರು ಒಮ್ಮೆ ರಿವರ್ಸ್ ಕಾರ್ನರ್, ಅಂದರೆ ಆಚೆ ಪಕ್ಕದ ಗೋಡೆಗೆ ತಾಗಿಸಿ ಮುಂಗೋಡೆಯ ಕೆಳಗೆ ಇಳಿಸುವ ಹೊಡೆತ, ಹೊಡೆದು ನೋಡಬೇಕು.

ನಿಜವಾದ ತಲೆನೋವು ಚೆಂಡಿನದು. ಸಿಂಗಲ್ಸ್‌ನ ಹಳೆಯ ಗಟ್ಟಿ ಚೆಂಡು ಎಲ್ಲಿ ಹುಡುಕಿದರೂ ಸಿಗುವುದು ಕಷ್ಟ, ಸಿಕ್ಕ ಡಬ್ಬಿಗಳಲ್ಲಿ ಅರ್ಧ ಚೆಂಡು ಒಣಗಿ ಸೀಳಿರುತ್ತವೆ. ನಾಲ್ವರು ಗಟ್ಟಿ ಚೆಂಡಿನಲ್ಲೇ ಆಡುವ ಡಬಲ್ಸ್ ಆಟ ಈ ಊರಿನಲ್ಲಿ ಇನ್ನೂ ಜೀವಂತವಾಗಿರುವುದರಿಂದ ಅದರ ಚೆಂಡು ಸಿಗುತ್ತದೆ, ಆದರೆ ಅದು 45 ಅಡಿ ಉದ್ದ, 25 ಅಡಿ ಅಗಲದ ಕೋರ್ಟಿಗೆ ಮಾಡಿದ್ದು. ಅದನ್ನು ನಮ್ಮ ಇಕ್ಕಟ್ಟಿನ ಕೋರ್ಟಿನಲ್ಲಿ ಹೊಡೆದರೆ ನಾಲ್ಕನೆಯ ಹೊಡೆತಕ್ಕೆ ಕಾದು ಹುಚ್ಚು ಹಿಡಿದಂತೆ ಹಾರಾಡುತ್ತದೆ. ಎರಡು ಹಳದಿ ಚುಕ್ಕೆಯ ಮೆತ್ತನೆಯ ಚೆಂಡನ್ನು ಪ್ರಯತ್ನಿಸಿದೆವು. ಕೋರ್ಟು ಕಿರಿದಾದ್ದರಿಂದ ಎಲ್ಲ ಹೊಡೆತವೂ ಕೈಗೆಟುಕಿ ರ‍್ಯಾಲಿ ಮುಗಿಯುವುದೇ ಇಲ್ಲ. ಡಬಲ್ಸ್ ಚೆಂಡುಗಳನ್ನು ಫ್ರೀಜರಿನಲ್ಲಿ ನಾಲ್ಕು ಗಂಟೆ ಇಟ್ಟೆ, ಮೊದಲ ಸರ್ವ್‌ಗೇ ಒಂದು ಸೀಳಿತು. ಬರಿಯ ಫ್ರಿಜ್ಜಿನಲ್ಲಿಟ್ಟದ್ದು ಐದು ನಿಮಿಷ ಚೆನ್ನಾಗಿ ನಡೆದು ಮತ್ತೆ ಮೊದಲಿನಂತಾಯಿತು. ಈ ಪ್ರಯೋಗಗಳಲ್ಲಿ ಒಂದು ಚಳಿಗಾಲವೂ ಸುಮಾರು ಮೂವತ್ತು ಚೆಂಡೂ ಹಾಳಾದವು.

ಉತ್ತರ ಆಟದ ಚರಿತ್ರೆಯಲ್ಲೇ ಇತ್ತು, ನನಗೆ ತಡವಾಗಿ ಹೊಳೆಯಿತು. ಇಂಗ್ಲೆಂಡಿನ ಹ್ಯಾರೋ ಶಾಲೆಯಲ್ಲಿ ಹುಟ್ಟಿದ ಈ ಆಟ 1884ರಲ್ಲಿ ನ್ಯೂ ಹ್ಯಾಂಪ್‌ಶೈರಿನ ಕಾಂಕರ್ಡಿನಲ್ಲಿರುವ ಸೇಂಟ್ ಪಾಲ್ಸ್ ಶಾಲೆಗೆ ಬಂದಾಗ ಆಡುತ್ತಿದ್ದದ್ದು ಬಿಸಿ ಮಾಡದ ಕಟ್ಟಡಗಳಲ್ಲಿ, ಹಿಮ ಬೀಳುವ ತಿಂಗಳುಗಳಲ್ಲಿ. ಅಂಥ ಚಳಿಯಲ್ಲಿ ಮೆತ್ತನೆಯ ರಬ್ಬರು ಪುಟಿಯುವುದಿಲ್ಲ, ಗಟ್ಟಿ ಚೆಂಡು ಹದವಾಗಿ ಪುಟಿಯುತ್ತದೆ. 1904ರಲ್ಲಿ ಇದೇ ಫಿಲಡೆಲ್ಫಿಯಾದಲ್ಲಿ ಅಮೆರಿಕದ ಸ್ಕ್ವಾಷ್ ಸಂಘ ಹುಟ್ಟಿ, ಮುಂದೆ ಇಲ್ಲಿಯವರು ತಮ್ಮ ಚೆಂಡಿಗೆ ತಕ್ಕ ಕಿರಿದಾದ ಕೋರ್ಟನ್ನು ಗಟ್ಟಿಮಾಡಿಕೊಂಡರೆ ಇಂಗ್ಲೆಂಡಿನವರು 21 ಅಡಿಗೆ ನಿಂತರು. ಆಮೇಲೆ ಕಟ್ಟಡಗಳಿಗೆ ಬಿಸಿ ಬಂದಿತು, ಆಟ ಬೇಸಗೆಗೂ ಹಬ್ಬಿತು, ಅದೇ ಚೆಂಡು ಕೈಮೀರಿತು. ‘70 ಪ್ಲಸ್’ ಎಂಬ ನಿಧಾನದ ಚೆಂಡು ಬಂದದ್ದೇ 70 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ಕೋರ್ಟುಗಳಿಗಾಗಿ. ಎಲ್ಲರೂ ಚೆಂಡನ್ನು ತಿದ್ದಿದರು. ನಾನು ಕೋರ್ಟಿನ ಹಿಂಬದಿಯಲ್ಲಿ ಹಾದುಹೋಗಿದ್ದ ಬಿಸಿನೀರಿನ ಕೊಳವೆಯನ್ನು ಬಂದ್ ಮಾಡಿಸಿದೆ.

ಅಷ್ಟೇ ಕೆಲಸ, ಖರ್ಚು 300 ಡಾಲರ್. ‘ಆ ಚಳಿಯಲ್ಲಿ ಯಾರು ಬರುತ್ತಾರೆ’ ಎಂದು ಸಮಿತಿಯ ಹಿರಿಯರೊಬ್ಬರು ಕೇಳಿದ್ದರು. ಈಗ ಅವರೇ ಶನಿವಾರ ಉಣ್ಣೆಯ ಅಂಗಿ ತೊಟ್ಟು ಮೊದಲು ಬಂದು ನಿಲ್ಲುತ್ತಾರೆ. ಕೋಣೆ 45ರಿಂದ 50 ಡಿಗ್ರಿಯ ನಡುವೆ, ಅಂದರೆ ನಮ್ಮ ಲೆಕ್ಕದಲ್ಲಿ ಏಳರಿಂದ ಹತ್ತು ಸೆಲ್ಸಿಯಸ್ ಇದ್ದರೆ ಡಬಲ್ಸ್‌ನ ಚೆಂಡೇ ಇಲ್ಲಿ ಹದಕ್ಕೆ ಬರುತ್ತದೆ. ಆಡುವ ಮುನ್ನ ಚೆಂಡಿಗೆ ನಾನು ಇನ್ನೊಂದು ಉಪಚಾರವನ್ನೂ ಮಾಡುತ್ತೇನೆ. ಅದನ್ನು ಕಂಡುಕೊಳ್ಳಲು ನನಗೆ ಮೂವತ್ತು ಚೆಂಡು ಬೇಕಾದವು, ಆದ್ದರಿಂದ ಇಲ್ಲಿ ಬರೆಯುವುದಿಲ್ಲ.

ರ‍್ಯಾಕೆಟ್ಟಿನ ವಿಷಯವನ್ನೂ ಹೇಳಬೇಕು. ಬೆಂಗಳೂರಿನಿಂದ ತಂದಿದ್ದ 130 ಗ್ರಾಮಿನ ರ‍್ಯಾಕೆಟ್ಟುಗಳಲ್ಲಿ ಮೂರು ಮೊದಲ ತಿಂಗಳಲ್ಲೇ ಚಟ್ಟೆಂದು ಮುರಿದವು. ಸಂತೆಯಲ್ಲಿ ಎಂಟು ಹತ್ತು ಡಾಲರಿಗೆ ಸಿಗುವ ಹಳೆಯ ಮರದ ರ‍್ಯಾಕೆಟ್ಟುಗಳನ್ನು ತಂದು ಹೊಸ ತಂತಿ ಹಾಕಿಸಿದೆ. ಪೆಟ್ಟಿನ ಸದ್ದು ಸೊಗಸು, ಆದರೆ ಮೂರರಲ್ಲಿ ಎರಡು ಸೊಟ್ಟಗಾಗಿದ್ದವು. ಕೊನೆಗೆ ಡಬಲ್ಸ್‌ನವರು ಬಳಸುವ ತುಸು ಭಾರದ ಚೌಕಟ್ಟಿಗೆ ನೆಲೆನಿಂತಿದ್ದೇವೆ.

ನಮ್ಮಂತೆ ಅಗಲದ ಕೋರ್ಟಿನಲ್ಲಿ ಕಲಿತವರು ಇಲ್ಲಿ ಮೊದಲು ಮರೆಯಬೇಕಾದದ್ದು ಹಿಂದಿನ ಮೂಲೆಯಲ್ಲಿ ಚೆಂಡು ಸಾಯುತ್ತದೆ ಎಂಬ ನಂಬಿಕೆಯನ್ನು. ಉದ್ದಕ್ಕೆ ಬಿಟ್ಟ ಚೆಂಡು ಹಿಂಗೋಡೆಗೆ ಬಡಿದು ಎದುರಾಳಿಯ ಕೈಗೇ ಬಂದು ಕೂರುತ್ತದೆ. ನಾನು ಆರು ತಿಂಗಳು ಹೀಗೆಯೇ ಸೋತೆ. ಚೆಂಡು ನೆಲಕ್ಕೆ ಬೀಳುವ ಮೊದಲೇ ವಾಲಿ ಮಾಡಿ ಮುಂದೆ ನಿಂತು, ಮೂರು ಗೋಡೆಗೆ ತಾಗಿಸಿ ನಿಕ್‌ಗೆ (ಗೋಡೆ ನೆಲ ಕೂಡುವ ಸಂದಿಗೆ) ಇಳಿಸುವವನೇ ಗೆಲ್ಲುತ್ತಾನೆ. ಈ ಊರಿನ ಹೆಸರನ್ನೇ ಹೊತ್ತ ಹೊಡೆತವೊಂದಿದೆ: ಮುಂಗೋಡೆಯ ಮೂಲೆಗೆ ಎತ್ತರದಲ್ಲಿ ಅಡ್ಡಲಾಗಿ ಹೊಡೆದ ಚೆಂಡು ಪಕ್ಕದ ಗೋಡೆಗೆ ತಾಗಿ ತಿರುಗುತ್ತಾ ಇಡೀ ಕೋರ್ಟನ್ನು ಹಾರಿ, ಎದುರಿನ ಪಕ್ಕದ ಗೋಡೆಯಿಂದ ಹಿಂಗೋಡೆಗೆ ಸಮಾನಾಂತರವಾಗಿ ಹೊರಬರುತ್ತದೆ. ಎಪ್ಪತ್ತು ದಾಟಿದ ಸದಸ್ಯರೊಬ್ಬರು ಇದನ್ನು ನನ್ನ ಮೇಲೆ ಒಂದೇ ಗೇಮಿನಲ್ಲಿ ನಾಲ್ಕು ಸಲ ಪ್ರಯೋಗಿಸಿದರು. ಈಗ ನಾನೂ ಹತ್ತರಲ್ಲಿ ಆರನ್ನು ಕೂರಿಸುತ್ತೇನೆ, ಮಣಿಕಟ್ಟು ಎಲ್ಲಿ ತಿರುಗಬೇಕೆಂಬುದನ್ನು ಮಾತ್ರ ಅವರೂ ಹೇಳಲಿಲ್ಲ, ನಾನೂ ಹೇಳುವುದಿಲ್ಲ.

ಅಂಕ 15ಕ್ಕೆ, ಪ್ರತಿ ರ‍್ಯಾಲಿಗೂ ಒಂದು. 13-13 ಆದಾಗ ಮೊದಲು 13 ಮುಟ್ಟಿದ್ದವನು ಇನ್ನೂ ಐದು ಅಂಕ, ಮೂರು ಅಂಕ, ಅಥವಾ ಹೆಚ್ಚಳವಿಲ್ಲದೆ ಹದಿನೈದಕ್ಕೇ ಆಟ ಎಂದು ಆರಿಸಿಕೊಳ್ಳಬಹುದು. ಎದುರಾಳಿ ಏದುಸಿರು ಬಿಡುತ್ತಿದ್ದರೆ ನಾನು ಐದನ್ನೇ ಕೇಳುತ್ತೇನೆ. ಇದರಿಂದ ಒಂದಿಬ್ಬರು ಗೆಳೆಯರು ಮಾತು ಬಿಟ್ಟದ್ದೂ ಉಂಟು.

ಮೆತ್ತನೆಯ ಚೆಂಡಿನವರಿಗೆ ಈ ಆಟ ಒಗ್ಗದು ಎನ್ನುವವರಿಗೆ ನಾನು ಮುಂಬೈಯ ಅನಿಲ್ ನಾಯರ್ ಅವರ ಹೆಸರು ಹೇಳುತ್ತೇನೆ. ಭಾರತದ ಕೋರ್ಟುಗಳಲ್ಲಿ ಬೆಳೆದು, ಹಾರ್ವರ್ಡಿಗೆ ಬಂದು, 1969 ಮತ್ತು 1970ರಲ್ಲಿ ಅಮೆರಿಕದ ರಾಷ್ಟ್ರೀಯ ಪ್ರಶಸ್ತಿಯನ್ನು ಇದೇ ಕಿರಿದಾದ ಕೋರ್ಟಿನಲ್ಲಿ ಗೆದ್ದವರು ಅವರು. ಪೇಶಾವರದ ಖಾನ್ ಮನೆತನದ ಶರೀಫ್ ಖಾನ್ 1969ರಿಂದ 1981ರವರೆಗಿನ ಹದಿಮೂರು ಗಟ್ಟಿ ಚೆಂಡಿನ ಪಂದ್ಯಾವಳಿಗಳಾದ ನಾರ್ತ್ ಅಮೆರಿಕನ್ ಓಪನ್‌ಗಳಲ್ಲಿ ಹನ್ನೆರಡನ್ನು ಗೆದ್ದರು. ನಾನು ಗೆದ್ದಿರುವುದು ಕ್ಲಬ್ಬಿನೊಳಗಿನ ಒಂದು ಲೋಟವನ್ನಷ್ಟೇ, ಅದೂ ಎಂಟು ಮಂದಿಯ ಸ್ಪರ್ಧೆಯಲ್ಲಿ.

ಏಪ್ರಿಲ್ ಬಂದರೆ ಆಟ ನಿಲ್ಲುತ್ತದೆ. ಬೇಸಗೆಗೆಂದು ತಂಪು ಯಂತ್ರ ಹಾಕಿಸಿ ನೋಡಿದೆವು, ಎರಡು ತಿಂಗಳ ವಿದ್ಯುತ್ ಬಿಲ್ಲು 700 ಡಾಲರ್ ದಾಟಿ ಗೋಡೆ ಮತ್ತೆ ಬೆವರತೊಡಗಿದ್ದರಿಂದ ಕೈಬಿಟ್ಟೆವು. ಸಮಿತಿಯವರು ಹೋದ ತಿಂಗಳು ತಾವಾಗಿಯೇ ಕರೆದು, ವ್ಯಾಯಾಮದ ಯಂತ್ರಗಳಿರುವ ಕೋರ್ಟನ್ನು ತೆರವು ಮಾಡಿಸಿದರೆ ಎಷ್ಟಾಗಬಹುದು ಎಂದು ಕೇಳಿದರು. ಈ ಸಲ ನಾನು 12 ಸಾವಿರ ಎಂದು ಹೇಳಿ ಬಂದಿದ್ದೇನೆ.