ಹಳಿಗಿಂತ ಮೊದಲು ಹಾಸು: ಮಾದರಿ ರೈಲಿಗೆ ನಾನು ನೆಲೆ ಹಾಕಿದ ಬಗೆ

ಮಾದರಿ ರೈಲಿನ ಬೋಗಿ ಹಳಿ ತಪ್ಪಿದರೆ ಎಲ್ಲರೂ ಮೊದಲು ಗಾಲಿಯನ್ನು ನೋಡುತ್ತಾರೆ, ಆಮೇಲೆ ಹಳಿಯನ್ನು. ಹಳಿಯ ಕೆಳಗಿನ ಹಾಸಿನ ತಂಟೆಗೆ ಹೋಗುವವರು ಕಡಿಮೆ. ನಾನಂತೂ ಮೊದಲು ಅನುಮಾನಿಸುವುದು ಅದನ್ನೇ. ನನ್ನದು ಎಚ್‌ಒ ಅಳತೆ, ಅಂದರೆ 1:87 ಪ್ರಮಾಣ. ಎರಡು ಹಳಿಗಳ ನಡುವೆ 16.5 ಮಿಲಿಮೀಟರ್. ಗಾಲಿಯನ್ನು ಹಳಿಯ ಮೇಲೆ ಹಿಡಿದಿಡುವ ಅಂಚು ಒಂದು ಮಿಲಿಮೀಟರ್ ಆಸುಪಾಸಿನದು. ಹಾಸು ಅರ್ಧ ಮಿಲಿಮೀಟರ್ ಉಬ್ಬಿದ್ದರೂ ಆ ಗಾಲಿಗೆ ಅದು ಗುಡ್ಡವೇ.

ಅಡಿಗೆ 12 ಮಿಲಿಮೀಟರ್ ಪ್ಲೈವುಡ್, ಮೇಲೆ 5 ಮಿಲಿಮೀಟರ್ ಕಾರ್ಕ್ ಪಟ್ಟಿ ಹಾಕಿದೆ. ಮೊದಲು ಪ್ಲೈವುಡ್ ಮೇಲೆ ಹಳಿಯ ನಡುಗೆರೆ ಎಳೆದುಕೊಂಡೆ: ನೇರ ದಾರಿಗೆ ನೂಲು ಹಿಡಿದು, ತಿರುವಿಗೆ ಒಂದು ತುದಿಗೆ ಮೊಳೆ, ಇನ್ನೊಂದು ತುದಿಗೆ ಪೆನ್ಸಿಲ್ ಸಿಕ್ಕಿಸಿದ ಮರದ ಪಟ್ಟಿ ತಿರುಗಿಸಿ. ಕಾರ್ಕ್ ಪಟ್ಟಿಯ ನಡುವೆ ಉದ್ದಕ್ಕೂ ಓರೆಯಾಗಿ ಸೀಳಿರುತ್ತದೆ. ಎರಡಾಗಿ ಬಿಡಿಸಿ, ನೆಟ್ಟಗಿನ ಬದಿಗಳು ನಡುಗೆರೆಗೆ ತಾಗುವಂತೆ ಕೂರಿಸಿದರೆ ಓರೆ ಬದಿಗಳು ಹೊರಗೆ ಬಂದು ಜಲ್ಲಿಯ ಇಳಿಜಾರು ತಾನಾಗಿ ಸಿದ್ಧವಾಗುತ್ತದೆ. ಇಡೀ ಪಟ್ಟಿ ತಿರುವಿನಲ್ಲಿ ಮೊಂಡಾಟ ಮಾಡುತ್ತದೆ. ಅರ್ಧ ಪಟ್ಟಿ ಸಲೀಸಾಗಿ ಬಾಗುತ್ತದೆ. ಎಡಬದಿಯ ಪಟ್ಟಿಗಳು ಕೂಡುವ ಜಾಗವೂ ಬಲಬದಿಯವು ಕೂಡುವ ಜಾಗವೂ ಎದುರುಬದುರು ಬರದಂತೆ ತಪ್ಪಿಸಿ ಇಟ್ಟೆ. ಪ್ಲೈವುಡ್ ತುಂಡುಗಳು ಕೂಡುವ ಕಡೆಯೇ ಕಾರ್ಕ್ ಪಟ್ಟಿಗಳೂ ಕೂಡಬಾರದು. ಬಿಳಿ ಮರದಂಟನ್ನು ತೆಳುವಾಗಿ ಸವರಿ, ಒಣಗುವವರೆಗೆ ಗುಂಡುಪಿನ್ ಚುಚ್ಚಿಟ್ಟರೆ ಸಾಕು.

ನಿಜವಾದ ಕೆಲಸ ಶುರುವಾಗುವುದು ಅಂಟು ಒಣಗಿದ ಮೇಲೆ. ಕೈಯಗಲಕ್ಕಿಂತ ಉದ್ದದ ಮರದ ತುಂಡಿಗೆ ಉಪ್ಪುಕಾಗದ ಸುತ್ತಿ ಹಾಸಿನ ಉದ್ದಕ್ಕೂ ಉಜ್ಜಿದೆ. ಬರಿಗೈಯಲ್ಲಿ ಕಾಗದ ಹಿಡಿದರೆ ಅದು ತಗ್ಗನ್ನೂ ಅನುಸರಿಸುತ್ತದೆ, ಉಬ್ಬನ್ನೂ ಅನುಸರಿಸುತ್ತದೆ, ಉಜ್ಜಿ ಫಲವಿಲ್ಲ. ಆಮೇಲೆ ಉಕ್ಕಿನ ಅಳತೆಪಟ್ಟಿಯನ್ನು ಅದರ ತೆಳು ಅಂಚು ಊರುವಂತೆ ಹಾಸಿನ ಮೇಲೆ ನಿಲ್ಲಿಸಿ, ಅದರ ಹಿಂದೆ ಟಾರ್ಚ್ ಹಿಡಿದು ನೋಡಿದೆ. ಎಲ್ಲಿ ಬೆಳಕು ಎಳೆಯಾಗಿ ನುಸುಳುತ್ತದೋ ಅಲ್ಲಿ ತಗ್ಗಿದೆ ಎಂದರ್ಥ. ರಸಮಟ್ಟ ಅಡ್ಡವಾಲನ್ನು ಹೇಳುತ್ತದೆಯೇ ಹೊರತು ಇಂಥ ಸಣ್ಣ ತಗ್ಗನ್ನು ಹೇಳುವುದಿಲ್ಲ. ಬೇಸರದ ಕೆಲಸ, ನಿಜ. ಧೂಳಿಗೆ ಮುಖಗವಸೂ ಬೇಕು. ಆದರೂ ಇಡೀ ಕಟ್ಟಣೆಯಲ್ಲಿ ಇಷ್ಟು ಲಾಭ ಕೊಡುವ ಇನ್ನೊಂದು ಹಂತ ನನಗೆ ಕಂಡಿಲ್ಲ.

ಏರನ್ನು ಶೇಕಡಾ 2ಕ್ಕೆ ನಿಲ್ಲಿಸಿದೆ: ಒಂದು ಮೀಟರ್ ಓಟಕ್ಕೆ 2 ಸೆಂಟಿಮೀಟರ್ ಎತ್ತರ. ಹಳಿಯ ಎರಡೂ ಬದಿ ಪ್ಲೈವುಡ್ ಕೊಯ್ದು, ಆ ಪಟ್ಟಿಯನ್ನಷ್ಟೇ ಎತ್ತಿ ಕೆಳಗೆ ಊರೆ ಕೊಟ್ಟರೆ ಏರಿನ ಆರಂಭ ತಾನೇ ನಯವಾಗಿ ಬಾಗುತ್ತದೆ. ತುಂಡು ತುಂಡಾಗಿ ಜೋಡಿಸಿದ ಏರಿನ ಬುಡದಲ್ಲಿ ಮುರಿವು ಉಳಿದು, ಬೋಗಿಗಳ ಕೊಂಡಿ ಕಳಚಿಕೊಳ್ಳುತ್ತದೆ.

ಕಾರ್ಕ್ ಸದ್ದನ್ನು ನುಂಗುತ್ತದೆ ಎನ್ನುವ ಮಾತು ಅರ್ಧ ಸತ್ಯ. ಜಲ್ಲಿಗೆ ಸುರಿದ ಮರದಂಟು ಕಲ್ಲಿನಂತೆ ಗಟ್ಟಿಯಾಗಿ ಹಳಿಯನ್ನೂ ಪ್ಲೈವುಡ್ಡನ್ನೂ ಬೆಸೆದುಬಿಟ್ಟರೆ ಸದ್ದು ಆ ದಾರಿಯಲ್ಲೇ ಇಳಿದು ಇಡೀ ಮೇಜು ಗುಂಯ್‌ಗುಡುತ್ತದೆ. ಅದಕ್ಕೇ ಜಲ್ಲಿಗೆ ಒಣಗಿದ ಮೇಲೂ ಬಳುಕುವ ಲೇಟೆಕ್ಸ್ ಅಂಟನ್ನು ನೀರು ಬೆರೆಸಿ ಬಳಸಿದೆ. ಪಾಯಿಂಟ್‌ಗಳ, ಅಂದರೆ ರೈಲು ಒಂದು ಹಳಿಯಿಂದ ಇನ್ನೊಂದಕ್ಕೆ ಹೊರಳುವ ಕವಲುಗಳ, ಕೆಳಗೆ ಪಟ್ಟಿಯ ಬದಲು ಕಾರ್ಕ್ ಹಾಳೆಯನ್ನೇ ಆಕಾರಕ್ಕೆ ಕತ್ತರಿಸಿ ಹಾಸಿದೆ. ಕವಲನ್ನು ಸರಿಸುವ ಮೋಟಾರಿನ ಕಡ್ಡಿಗೆ ಬೇಕಾದ ತೂತನ್ನು ಹಳಿ ಕೂರಿಸುವ ಮುನ್ನವೇ ಕೊರೆದುಕೊಂಡೆ. ಅಲ್ಲಿ ಚಲಿಸುವ ಹಳಿಯ ಸುತ್ತ ಜಲ್ಲಿಯನ್ನು ತೆಳ್ಳಗೆ ಉದುರಿಸಿ, ಅಂಟನ್ನು ಹನಿಹನಿಯಾಗಿ ಬಿಡುತ್ತೇನೆ.