ದಂಡ ಕಟ್ಟುವ ಮೊದಲು ಟಿಕೆಟ್ ಓದಿ

ಅಮೆರಿಕದಲ್ಲಿ ಸಣ್ಣ ಟ್ರಾಫಿಕ್ ಟಿಕೆಟ್ ಬಂದರೆ ಹೆಚ್ಚಿನವರು ಆನ್‌ಲೈನಿನಲ್ಲಿ ದಂಡ ಕಟ್ಟಿ ಮರೆತುಬಿಡುತ್ತಾರೆ. ಆದರೆ ದಂಡ ಕಟ್ಟಿದರೆ ತಪ್ಪೊಪ್ಪಿಕೊಂಡಂತೆಯೇ ಲೆಕ್ಕ. ಅದು ಚಾಲನಾ ದಾಖಲೆಗೆ ಸೇರುತ್ತದೆ. ಪಾಲಿಸಿ ನವೀಕರಣದ ಹೊತ್ತಿಗೆ ವಿಮಾ ಕಂಪನಿ ಆ ದಾಖಲೆ ತರಿಸಿ ನೋಡಿದಾಗ ಪ್ರೀಮಿಯಂ ಏರುತ್ತದೆ. ಸಾಮಾನ್ಯವಾಗಿ ಮೂರು ವರ್ಷ ಈ ಹೊರೆ ಇರುವುದರಿಂದ, ಕೊನೆಗೆ ದಂಡಕ್ಕಿಂತ ಇದೇ ದುಬಾರಿಯಾಗುವುದುಂಟು.

ಮೊದಲು ಟಿಕೆಟ್ ಯಾವ ಬಗೆಯದು ನೋಡಿ. ಪಾರ್ಕಿಂಗ್ ಟಿಕೆಟ್ ಚಾಲನಾ ದಾಖಲೆಗೆ ಹೋಗುವುದಿಲ್ಲ. ನ್ಯೂಯಾರ್ಕಿನಲ್ಲಿ ಕೆಂಪು ದೀಪದ ಕ್ಯಾಮೆರಾ ಹಿಡಿದ ತಪ್ಪು ವಾಹನದ ಮಾಲೀಕರ ಮೇಲೆ ಬೀಳುತ್ತದೆ. ಪಾಯಿಂಟ್ (ಚಾಲನಾ ದಾಖಲೆಗೆ ಸೇರುವ ತಪ್ಪಿನ ಅಂಕ) ಇಲ್ಲ, ವಿಮೆಗೂ ತಗಲುವುದಿಲ್ಲ. ಹೆಡ್‌ಲೈಟ್ ಉರಿಯದಂಥ ದೋಷಕ್ಕೆ ಕ್ಯಾಲಿಫೋರ್ನಿಯಾದಲ್ಲಿ ‘ಫಿಕ್ಸ್-ಇಟ್’ ಟಿಕೆಟ್ ಕೊಡುತ್ತಾರೆ. ರಿಪೇರಿ ಮಾಡಿಸಿ, ಪೊಲೀಸರಿಂದ ಸಹಿ ಹಾಕಿಸಿ, 25 ಡಾಲರ್ ಶುಲ್ಕದೊಂದಿಗೆ ಗಡುವಿನೊಳಗೆ ಕೋರ್ಟಿಗೆ ಒಪ್ಪಿಸಿದರೆ ಅದು ವಜಾ ಆಗುತ್ತದೆ.

ಅತಿವೇಗ, ಸ್ಟಾಪ್ ಫಲಕದ ಬಳಿ ನಿಲ್ಲದಿರುವುದು ಇಂಥವೇ ನಿಜವಾದ ತೊಂದರೆ. ಕ್ಯಾಲಿಫೋರ್ನಿಯಾದಲ್ಲಿ ಇವಕ್ಕೆ ಒಂದು ಪಾಯಿಂಟ್. ಮೂರು ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪಾಯಿಂಟ್ ಇಲ್ಲದವರಿಗೆ ಕಾನೂನಿನ ಪ್ರಕಾರವೇ ಕನಿಷ್ಠ ಶೇ 20ರಷ್ಟು ‘ಗುಡ್ ಡ್ರೈವರ್’ ರಿಯಾಯಿತಿ ಸಿಗಬೇಕು. ಎರಡನೇ ಟಿಕೆಟ್ ಈ ರಿಯಾಯಿತಿಯನ್ನೇ ಕಳೆಯುತ್ತದೆ, ಹೊಡೆತ ಜೋರಾಗುವುದು ಅಲ್ಲೇ.

ಕ್ಯಾಲಿಫೋರ್ನಿಯಾದಲ್ಲಿ ಇದನ್ನು ತಡೆಯುವ ದಾರಿ ಟ್ರಾಫಿಕ್ ಸ್ಕೂಲ್, ಅಂದರೆ ಸುರಕ್ಷಿತ ಚಾಲನೆಯ ಕೋರ್ಸ್. ಟಿಕೆಟ್‌ನ ಗಡುವಿನೊಳಗೆ ಕೋರ್ಟಿನಲ್ಲಿ ಇದನ್ನು ಕೇಳಿ ಪಡೆಯಬೇಕು. ಅನುಮತಿಯಿಲ್ಲದೆ ಕೋರ್ಸ್ ಮುಗಿಸಿದರೆ ಹಣ, ಸಮಯ ಎರಡೂ ವ್ಯರ್ಥ. ದಂಡ ಮನ್ನಾ ಆಗುತ್ತದೆಂದು ಹಲವರು ಎಣಿಸುತ್ತಾರೆ, ಅದು ತಪ್ಪು: ಪೂರ್ತಿ ದಂಡ, ಕೋರ್ಟಿನ ಶುಲ್ಕ, ಸ್ಕೂಲಿನ ಶುಲ್ಕ ಮೂರನ್ನೂ ಕಟ್ಟಬೇಕು. ಪ್ರತಿಫಲವಾಗಿ ಆ ತಪ್ಪು ವಿಮಾ ಕಂಪನಿಯ ಕಣ್ಣಿಗೆ ಬೀಳುವುದಿಲ್ಲ. ಈ ಅವಕಾಶ 18 ತಿಂಗಳಿಗೊಮ್ಮೆ ಮಾತ್ರ. ಎಣಿಕೆ ಒಂದು ಉಲ್ಲಂಘನೆಯ ದಿನದಿಂದ ಇನ್ನೊಂದರ ದಿನಕ್ಕೆ. ಕೋರ್ಸ್ ಮುಗಿಸಿದ ದಿನದಿಂದಲ್ಲ. ಪ್ರಮಾಣಪತ್ರ ತಲುಪಿತೇ ಎಂದು ಕೆಲ ವಾರಗಳ ನಂತರ ಡಿಎಂವಿ (ವಾಹನ, ಲೈಸೆನ್ಸ್ ನೋಡಿಕೊಳ್ಳುವ ರಾಜ್ಯ ಇಲಾಖೆ) ದಾಖಲೆಯಲ್ಲಿ ನೀವೇ ನೋಡಿ.

ನ್ಯೂಯಾರ್ಕಿನ ಕೋರ್ಸ್ ಬೇರೆ ಥರದ್ದು. ಲೈಸೆನ್ಸ್ ಅಮಾನತಿಗೆ ಎಣಿಸುವ ಲೆಕ್ಕದಲ್ಲಿ ನಾಲ್ಕು ಪಾಯಿಂಟ್‌ವರೆಗೆ ಕಡಿತ, ಪ್ರೀಮಿಯಂ ಮೂಲದರದಲ್ಲಿ ಮೂರು ವರ್ಷ ಶೇ 10 ಇಳಿಕೆ ಸಿಗುತ್ತದೆ. ಟಿಕೆಟ್ ಮಾತ್ರ ದಾಖಲೆಯಲ್ಲೇ ಉಳಿಯುತ್ತದೆ.

ತಪ್ಪೇ ಮಾಡಿಲ್ಲವೆಂದಾದರೆ ಕ್ಯಾಲಿಫೋರ್ನಿಯಾದಲ್ಲಿ ಲಿಖಿತ ವಿಚಾರಣೆ (ಕೋರ್ಟಿಗೆ ಹೋಗದೆ ಬರೆದುಕೊಟ್ಟೇ ವಾದಿಸುವುದು) ಕೇಳಬಹುದು. ದಂಡದ ಮೊತ್ತವನ್ನು ಮುಂಗಡ ಕಟ್ಟಬೇಕು, ಗೆದ್ದರೆ ವಾಪಸ್. ಸೋತರೂ ತೀರ್ಪು ಅಂಚೆಗೆ ಹಾಕಿದ 20 ದಿನದೊಳಗೆ ಹೊಸ ವಿಚಾರಣೆ ಕೇಳುವ ಹಕ್ಕಿದೆ.

ಪ್ರೀಮಿಯಂ ಏರಿಯೇ ಬಿಟ್ಟರೆ, ನವೀಕರಣಕ್ಕೆ ಮುನ್ನ ಬೇರೆ ಕಂಪನಿಗಳ ದರ ತರಿಸಿ. ಒಂದೇ ಟಿಕೆಟ್‌ಗೆ ಎಲ್ಲರೂ ಒಂದೇ ಬೆಲೆ ಹಾಕುವುದಿಲ್ಲ. ಟಿಕೆಟ್ ಮುಚ್ಚಿಡಬೇಡಿ, ಅವರು ದಾಖಲೆ ತರಿಸಿ ನೋಡಿದಾಗ ಮೊದಲು ಹೇಳಿದ ದರ ಬದಲಾಗುತ್ತದೆ.