ಹೀಯಾಳಿಸುವ ಫ್ಲೆಕ್ಸಿನ ಮೇಲೆ ದೂರು ಬರೆಯುವ ಬಗೆ

ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ದಾರಿಯಲ್ಲಿ ನನ್ನ ಹೊಲಿಗೆ ಅಂಗಡಿ. ಇಪ್ಪತ್ತೆರಡು ವರ್ಷಗಳಿಂದ ಹೆಂಗಸರ ಮೈಯಳತೆ ತೆಗೆಯುತ್ತಿದ್ದೇನೆ. ಒಂದೇ ಅಳತೆಯ ಇಬ್ಬರು ಇದುವರೆಗೆ ಬಂದಿಲ್ಲ.

ಕಳೆದ ಮೇ ತಿಂಗಳಲ್ಲಿ ಎದುರಿನ ಬಸ್ ತಂಗುದಾಣದ ಪಕ್ಕ ತೂಕ ಇಳಿಸುವ ಜಾಹೀರಾತಿನ ಒಂದು ಫ್ಲೆಕ್ಸ್ ಎದ್ದಿತು. ಎಡಗಡೆ ದಪ್ಪ ಹೆಂಗಸು, ಬಾಡಿದ ಮುಖ, ಮಂಕು ಬೆಳಕು. ಬಲಗಡೆ ಅವಳೇ ತೆಳ್ಳಗಾಗಿ ನಗುತ್ತಿದ್ದಾಳಂತೆ. ಮೇಲೆ ‘ಒಂದೇ ತಿಂಗಳಲ್ಲಿ 12 ಕಿಲೋ’, ಕೆಳಗೆ ‘ಮದುವೆ ಫೋಟೋದಲ್ಲಿ ಇನ್ನೆಷ್ಟು ದಿನ ಹಿಂದಿನ ಸಾಲು?’. ಅದೇ ವಾರ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಯೂನಿಫಾರ್ಮ್ ಹೊಲಿಸಲು ಬಂದಳು. ಸೊಂಟಕ್ಕೆ ಟೇಪು ಸುತ್ತುವಾಗ ಉಸಿರು ಬಿಗಿಹಿಡಿದು ಹೊಟ್ಟೆಯನ್ನು ಒಳಗೆಳೆದುಕೊಂಡಳು.

“ಉಸಿರು ಬಿಡು ಮಗಳೇ” ಎಂದೆ.

“ಬೇಡ ಅಕ್ಕ, ಈ ಅಳತೆಗೇ ಹೊಲಿಯಿರಿ. ಶಾಲೆ ಶುರುವಾಗುವಷ್ಟರಲ್ಲಿ ಇಳಿದಿರುತ್ತೇನೆ.”

ಅವಳು ಹೇಳಿದ ಅಳತೆಯನ್ನೇ ಪುಸ್ತಕದಲ್ಲಿ ಬರೆದುಕೊಂಡೆ. ಕತ್ತರಿಸುವಾಗ ಎರಡು ಇಂಚು ಸೇರಿಸಿದೆ. ಆ ರಾತ್ರಿಯೇ ದೂರು ಬರೆಯಲು ಕೂತೆ.

ಮೊದಲ ಸಲ ಬರೆದದ್ದು ಕೆಲಸಕ್ಕೆ ಬರಲಿಲ್ಲ. ‘ಹೆಣ್ಣುಮಕ್ಕಳ ಮನಸ್ಸಿಗೆ ನೋವಾಗುತ್ತದೆ, ಸೂಕ್ತ ಕ್ರಮ ಕೈಗೊಳ್ಳಬೇಕು’ ಎಂದು ಒಂದು ಪುಟ. ನಮ್ಮ ವಾರ್ಡ್ ಮೆಂಬರ್ ಓದಿ, “ಟೈಲರಕ್ಕ, ಇದರಲ್ಲಿ ಸಿಟ್ಟು ಉಂಟು. ಫ್ಲೆಕ್ಸ್ ಎಲ್ಲಿ ಉಂಟು?” ಎಂದು ಕೇಳಿದರು. ಎರಡನೆಯ ಸಲ ಬರೆದ ಕ್ರಮವನ್ನು ಇಲ್ಲಿ ಹೇಳುತ್ತೇನೆ.

ಮೊದಲು ಫೋಟೋ. ಇಡೀ ಫ್ಲೆಕ್ಸ್ ಒಂದರಲ್ಲಿ, ಅದು ನಿಂತ ಜಾಗ ಗೊತ್ತಾಗುವಂತೆ ರಸ್ತೆ ಸಮೇತ ಇನ್ನೊಂದರಲ್ಲಿ, ಮೂಲೆಯ ಸಣ್ಣ ಅಕ್ಷರಗಳು ಓದಲು ಬರುವಂತೆ ಮತ್ತೊಂದರಲ್ಲಿ. ಬಸ್ಸಿಗೆ ಕಾಯುವವರ ಮುಖ ಬೀಳದ ಹಾಗೆ ನೋಡಿಕೊಳ್ಳಿ. ಮಳೆಗಾಲಕ್ಕೆ ಮುಂಚೆ ತೆಗೆದರೆ ಒಳ್ಳೆಯದು, ನಮ್ಮ ಗಾಳಿಗೆ ಫ್ಲೆಕ್ಸ್ ಹರಿದುಹೋದರೆ ದೂರಿಗೆ ಆಧಾರವೇ ಉಳಿಯುವುದಿಲ್ಲ.

ಆಮೇಲೆ ಒಂದು ಹಾಳೆಯನ್ನು ಉದ್ದಕ್ಕೆ ಮಡಿಸಿ ಎರಡು ಭಾಗ ಮಾಡಿ. ಎಡಕ್ಕೆ, ನಿಜವೋ ಸುಳ್ಳೋ ಎಂದು ಪರೀಕ್ಷಿಸಬಹುದಾದ ಮಾತುಗಳು. ಬಲಕ್ಕೆ, ಹೀಯಾಳಿಸುವ ಮಾತು ಮತ್ತು ಚಿತ್ರ. ಅಲ್ಲಿರುವ ಶಬ್ದವನ್ನೇ ಇಳಿಸಿಕೊಳ್ಳಿ, ನಿಮ್ಮ ಶಬ್ದ ಬೇಡ. ‘12 ಕಿಲೋ’ ಎಡಕ್ಕೆ ಹೋಯಿತು, ‘ಹಿಂದಿನ ಸಾಲು’ ಬಲಕ್ಕೆ. ಚಿತ್ರವನ್ನೂ ಓದಬೇಕು. ಫ್ಲೆಕ್ಸಿನ ಬಲಗಡೆಯವಳ ರವಿಕೆ ಎದೆಯ ಮೇಲೆ ಒಂದು ಸುಕ್ಕೂ ಇಲ್ಲದೆ ಕೂತಿತ್ತು, ಆದರೆ ಕಂಕುಳ ಕೆಳಗೆ ಬಟ್ಟೆಯೆಲ್ಲ ಬೆನ್ನಿನ ಕಡೆಗೆ ಗೆರೆಗೆರೆಯಾಗಿ ಎಳೆದಿತ್ತು. ಹಿಂದೆ ಕ್ಲಿಪ್ಪು ಹಾಕಿದರೆ ಮಾತ್ರ ಹಾಗೆ ಬರುತ್ತದೆ. ಅಂಗಡಿಯ ಗೊಂಬೆಗೆ ನಾವು ಮಾಡುವುದೂ ಅದನ್ನೇ. ಇನ್ನು ಕಿವಿ. ಎಡಗಡೆಯವಳ ಕಿವಿಯ ಹಾಲೆ ಕೆನ್ನೆಗೆ ಅಂಟಿಕೊಂಡಿದೆ, ಬಲಗಡೆಯವಳದು ಬಿಡಿಯಾಗಿ ಜೋತಿದೆ. ಹನ್ನೆರಡಲ್ಲ, ಇಪ್ಪತ್ತು ಕಿಲೋ ಇಳಿದರೂ ಕಿವಿ ಬದಲಾಗದು. ಅದನ್ನೂ ಎಡಕ್ಕೆ ಬರೆದೆ.

ಹೀಗೆ ಬೇರ್ಪಡಿಸುವುದು ಯಾಕೆಂದರೆ, ಲಂಡನ್ನಿನ ಕಥೆ ಕೇಳಿ. 2015ರಲ್ಲಿ ಅಲ್ಲಿನ ಸುರಂಗ ರೈಲಿನ ನಿಲ್ದಾಣಗಳಲ್ಲಿ ಈಜುಡುಗೆಯ ತೆಳ್ಳನೆಯ ಹೆಣ್ಣಿನ ಹಳದಿ ಪೋಸ್ಟರ್ ಬಂತು: ಕಡಲತೀರಕ್ಕೆ ನಿಮ್ಮ ಮೈ ತಯಾರಾಗಿದೆಯೇ ಎಂಬ ಪ್ರಶ್ನೆ. ಎಪ್ಪತ್ತು ಸಾವಿರಕ್ಕೂ ಹೆಚ್ಚು ಜನ ವಿರೋಧಿಸಿ ಸಹಿ ಹಾಕಿದರು, ಜಾಹೀರಾತು ನಿಯಂತ್ರಣ ಸಂಸ್ಥೆಗೆ 378 ದೂರುಗಳು ಹೋದವು. ಸಂಸ್ಥೆ ಆ ಪೋಸ್ಟರನ್ನು ಮತ್ತೆ ಹಾಕಬಾರದು ಎಂದದ್ದು ತೂಕ ಇಳಿಸುವ ಮತ್ತು ಆರೋಗ್ಯದ ಹೇಳಿಕೆಗಳ ಕಾರಣಕ್ಕೆ. ಅವಮಾನದ ವಿಷಯದಲ್ಲಿ ತಪ್ಪಿಲ್ಲ ಎಂದು ಜುಲೈಯಲ್ಲಿ ತೀರ್ಪು ಕೊಟ್ಟಿತು. ಮರುವರ್ಷ ಮೇಯರ್ ಸಾದಿಕ್ ಖಾನ್, ನಗರದ ಸಾರಿಗೆ ಸಂಸ್ಥೆಯ ಬಸ್ಸು ರೈಲುಗಳಲ್ಲಿ ಇಂಥ ಜಾಹೀರಾತು ಬೇಡವೆಂದು ನಿಯಮ ತಂದರು. ಅಂದರೆ ಹಾಳೆಯ ಎಡಗಡೆಯ ಮಾತು ಒಂದು ಬಾಗಿಲಲ್ಲಿ ಗೆದ್ದಿತು, ಬಲಗಡೆಯದು ಜಾಗದ ಒಡೆತನ ಇದ್ದವರ ಬಾಗಿಲಲ್ಲಿ.

ನಮ್ಮಲ್ಲೂ ಬಾಗಿಲು ಬೇರೆಬೇರೆ.

ಹಾಳೆಯ ಬಲಗಡೆಯದನ್ನು ಮುಂಬೈಯ ಭಾರತೀಯ ಜಾಹೀರಾತು ಮಾನಕ ಮಂಡಳಿಗೆ ಕಳಿಸಿ. 1985ರಲ್ಲಿ ಜಾಹೀರಾತು ಉದ್ಯಮದವರೇ ಕಟ್ಟಿಕೊಂಡ ಸಂಸ್ಥೆ, ಸರಕಾರದ್ದಲ್ಲ. ಕಪ್ಪು ಬಣ್ಣದವರನ್ನು ಸೋತವರಂತೆ ತೋರಿಸಬಾರದೆಂದು 2014ರಲ್ಲಿ ಹೇಳಿತ್ತು. 2021ರಲ್ಲಿ ತನ್ನ ಸಂಹಿತೆಗೆ ಮೈಕಟ್ಟನ್ನೂ ಸೇರಿಸಿತು: ದೇಹದ ಆಕಾರ ಹಿಡಿದು ಯಾರನ್ನೂ ಹೀಗಳೆಯುವಂತಿಲ್ಲ. ದೂರಿನಲ್ಲಿ ಈ ಅಂಶವನ್ನು ತಪ್ಪದೆ ಬರೆಯಿರಿ. ಆನ್‌ಲೈನ್‌ನಲ್ಲಿ ಕಳಿಸಬಹುದು, ನನ್ನದನ್ನು ಡಿಗ್ರಿ ಓದುವ ತಂಗಿಯ ಮಗ ಇಂಗ್ಲಿಷಿಗೆ ಮಾಡಿ ಕಳಿಸಿದ.

ಹಾಳೆಯ ಎಡಗಡೆಯದು ಗ್ರಾಹಕ ಸಂರಕ್ಷಣಾ ಕಾಯ್ದೆಗೆ, ಅಂದರೆ 2019ರದ್ದಕ್ಕೆ. ದಾರಿ ತಪ್ಪಿಸುವ ಜಾಹೀರಾತಿಗೆ ಮೊದಲ ಸಲ ಹತ್ತು ಲಕ್ಷದವರೆಗೆ, ಮತ್ತೆ ಮಾಡಿದರೆ ಐವತ್ತು ಲಕ್ಷದವರೆಗೆ ದಂಡ ಹಾಕುವ ಅಧಿಕಾರ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕಿದೆ. ದೆಹಲಿಗೇ ಬರೆಯಬೇಕೆಂದಿಲ್ಲ, ಜಿಲ್ಲಾಧಿಕಾರಿಗೂ ಕೊಡಬಹುದು; ನಮಗೆ ವಿದ್ಯಾನಗರದ ಸಿವಿಲ್ ಸ್ಟೇಷನ್. ಹೇಗೆ ಕೊಡುವುದೆಂದು ಗೊತ್ತಾಗದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಜಾಹೀರಾತು ಮಕ್ಕಳನ್ನೇ ಗುರಿಯಾಗಿಸಿದ್ದರೆ ಅದೇ ಪ್ರಾಧಿಕಾರದ 2022ರ ಮಾರ್ಗಸೂಚಿಯನ್ನು ಹೆಸರಿಸಿ. ಮಕ್ಕಳಲ್ಲಿ ತಮ್ಮ ದೇಹದ ಬಗ್ಗೆ ಕೀಳು ಭಾವನೆ ಹುಟ್ಟಿಸಬಾರದೆಂದು ಅದರಲ್ಲೇ ಇದೆ. ತೂಕ ಇಳಿಸುವ ಪುಡಿಯನ್ನು ಔಷಧವೆಂದು ಮಾರುತ್ತಿದ್ದರೆ 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯೂ ಇದೆ, ಅದರ ಪಟ್ಟಿಯಲ್ಲಿ ಬೊಜ್ಜು ಸೇರಿದೆ.

ಮೂರನೆಯದು ಪಂಚಾಯತ್. ಅಲ್ಲಿ ಕೇಳಬೇಕಾದದ್ದು ಒಂದೇ: ಇದಕ್ಕೆ ಅನುಮತಿ ಇದೆಯೇ? ಅರ್ಜಿಯನ್ನು ಕನ್ನಡದಲ್ಲೇ ಕೊಡಿ. ಕೌಂಟರಿನಲ್ಲಿ ಮಲಯಾಳದಲ್ಲಿ ಬರೆಯಿರಿ ಎಂದರೆ, ಕನ್ನಡ ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲಿ ವ್ಯವಹರಿಸುವ ಹಕ್ಕನ್ನು ಕೇರಳದ 1969ರ ಭಾಷಾ ಕಾಯ್ದೆಯೇ ಕೊಟ್ಟಿದೆ ಎಂದು ನಗುತ್ತಲೇ ಹೇಳಿ. ರಶೀದಿ ಇಲ್ಲದೆ ಹೊರಡಬೇಡಿ.

ಸಹಿ ಸಂಗ್ರಹದಲ್ಲಿ ಒಂದು ಎಚ್ಚರ ಬೇಕು. ಕುಟುಂಬಶ್ರೀ ಮಹಿಳಾ ಸಂಘದವರೆಲ್ಲ ಹಾಕಿದರು. ಊರಿನ ಗ್ರಂಥಾಲಯದಲ್ಲಿ ಒಂದು ಭಾನುವಾರ ಚರ್ಚೆಯನ್ನೂ ಇಟ್ಟೆವು. ಹಿರಿಯರೊಬ್ಬರು ಬಹಳ ಉತ್ಸಾಹದಿಂದ ಎದ್ದು, ತೋಳಿಲ್ಲದ ರವಿಕೆಯ ಸೀರೆ ಜಾಹೀರಾತುಗಳನ್ನೂ ಸೇರಿಸಿ, ಆಗ ನೂರು ಸಹಿ ನಾನೇ ತರುತ್ತೇನೆ ಎಂದರು. “ಅಂಥ ರವಿಕೆ ಹೊಲಿಯುವವಳೇ ನಾನು ಅಣ್ಣ” ಎಂದೆ. ಆ ನೂರು ಸಹಿ ಬರಲಿಲ್ಲ, ನನಗೆ ಬೇಸರವೂ ಇಲ್ಲ. ಮೈ ಕಾಣುವುದು ನನ್ನ ದೂರಲ್ಲ, ಮೈಯನ್ನು ಹಂಗಿಸುವುದು ದೂರು. ಈ ಗೆರೆ ಕಲಸಿಹೋದರೆ ದೂರು ನಮ್ಮ ಹುಡುಗಿಯರ ಮೇಲೆಯೇ ತಿರುಗುತ್ತದೆ.

ಅಲ್ಲಿ ಫ್ಲೆಕ್ಸ್ ಮುದ್ರಿಸುವ ಹುಡುಗ ಕೇಳಿದ್ದು ಮಾತ್ರ ತೂಕದ ಪ್ರಶ್ನೆ: “ಯಾವುದು ಹಂಗಿಸುವುದು ಎಂದು ತೀರ್ಮಾನಿಸುವವರು ಯಾರು ಅಕ್ಕ?” ನಿಷೇಧವೊಂದೇ ದಾರಿಯಲ್ಲ ಎಂದು ಉತ್ತರಿಸಿದೆ. ಫ್ರಾನ್ಸಿನಲ್ಲಿ 2017ರಿಂದ, ಮಾಡೆಲ್‌ಗಳ ಮೈಯನ್ನು ಕಂಪ್ಯೂಟರಿನಲ್ಲಿ ತಿದ್ದಿದ್ದರೆ ಜಾಹೀರಾತಿನಲ್ಲೇ ಹಾಗೆಂದು ಬರೆಯಬೇಕು. ನಾರ್ವೆಯಲ್ಲೂ 2022ರಿಂದ ಗುರುತು ಹಾಕಲೇಬೇಕು. “ಅದನ್ನು ಬೇಕಾದರೆ ಮುದ್ರಿಸಿ ಕೊಡುತ್ತೇನೆ” ಎಂದು ನಕ್ಕ. ಅವನ ಪ್ರಶ್ನೆಗೆ ಅದು ಪೂರ್ತಿ ಉತ್ತರವಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಹದಿನೇಳನೆಯ ದಿನ ಫ್ಲೆಕ್ಸ್ ಇಳಿಯಿತು. ಅನುಮತಿ ಇರಲಿಲ್ಲವಂತೆ, ಅಷ್ಟೇ ಕಾರಣ. ‘ಹಿಂದಿನ ಸಾಲಿ’ನ ಬಗ್ಗೆ ಯಾರೂ ಒಂದಕ್ಷರ ಬರೆಯಲಿಲ್ಲ. ಶಾಲೆ ಶುರುವಾದ ಮೇಲೆ ಆ ಹುಡುಗಿಯ ತಾಯಿ ಬಂದು, ಯೂನಿಫಾರ್ಮ್ ಸರಿಯಾಗಿ ಕೂತಿದೆ ಎಂದು ಬಾಕಿ ಹಣ ಕೊಟ್ಟು ಹೋದರು.

ಹೋದ ವಾರ ಅದೇ ಜಾಗದಲ್ಲಿ ಹೊಸದೊಂದು ಬಂದಿದೆ. ಈ ಸಲ ಅನುಮತಿಯ ಸಂಖ್ಯೆ ಮೂಲೆಯಲ್ಲಿದೆ, ಕಿಲೋ ಲೆಕ್ಕ ಮಾಯವಾಗಿದೆ, ಎಡಗಡೆಯ ಹೆಂಗಸು ಮಾತ್ರ ಹಾಗೆಯೇ ಬಾಡಿ ನಿಂತಿದ್ದಾಳೆ. ಹಾಳೆ ಮಡಿಸಿಟ್ಟಿದ್ದೇನೆ. ಎಡಭಾಗದಲ್ಲಿ ಬರೆಯಲು ಇದುವರೆಗೆ ಸಿಕ್ಕಿರುವುದು ಕಿವಿ ಒಂದೇ.